ಜಿಂಗ್ ಜಿಂಗ್ ಬಾರಿನಿಂದ ಹಿಂದಕ್ಕೆ

ಸಿಂದಗಿಯಲ್ಲಿ ಮದುವೆ ಗೊತ್ತಾದರೆ ಹೆಣ್ಣಿನ ಕಡೆಯವರು ಮೊದಲು ಅಯ್ಯನವರ ಹತ್ತಿರ ಮುಹೂರ್ತ ಕೇಳುತ್ತಾರೆ, ಆಮೇಲೆ ಮಾಳಿಂಗರಾಯನಿಗೆ ಫೋನು ಮಾಡುತ್ತಾರೆ. ಕೆಲವರು ಇದನ್ನು ತಿರುವುಮುರುವು ಮಾಡುವುದೂ ಉಂಟು: ಮಾಳಿಂಗರಾಯನ ಪೆಂಡಾಲ ಯಾವ ದಿನ ಖಾಲಿ ಇದೆಯೋ ವಿಚಾರಿಸಿಕೊಂಡು, ಆ ದಿನಕ್ಕೆ ಹೊಂದುವ ಮುಹೂರ್ತ ತೆಗೆಸುತ್ತಾರೆ. ಇತ್ತ ಆಲಮೇಲ, ಅತ್ತ ಬಸವನ ಬಾಗೇವಾಡಿ, ಮುದ್ದೇಬಿಹಾಳದವರೆಗೂ ಅವನ ಕಬ್ಬಿಣದ ಪೈಪು, ಕೆಂಪು ಹಳದಿ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ಅನ್ನ ಬಸಿಯುವ ದೊಡ್ಡ ಬೋಗುಣಿಗಳು ಹೋಗಿ ಬಂದಿವೆ.

ಅವನು ಹುಟ್ಟಿದ್ದು ಯಂಕಂಚಿಯಲ್ಲಿ, ಕುರಿ ಕಾಯುವ ಮನೆತನದಲ್ಲಿ. ತಂದೆ ಸೋಮನಿಂಗ ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಭೀಮಾ ದಂಡೆಗುಂಟ ಹೊರಟನೆಂದರೆ ಮುಂಗಾರು ಬೀಳುವತನಕ ಮನೆಯ ಮುಖ ನೋಡುತ್ತಿರಲಿಲ್ಲ. ತಾಯಿ ಸುಂದರವ್ವನೂ ಮದುವೆಯಾದ ಮೊದಲಿನ ವರ್ಷಗಳಲ್ಲಿ ಹಿಂಡಿನ ಜೊತೆ ನಡೆದವಳೇ. ಮಾಳಿಂಗರಾಯನಿಗೆ ಮಾತ್ರ ಕುರಿ ಹತ್ತಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಇಂಡಿಗೆ ಹೋಗಿ ಒಬ್ಬ ಪೆಂಡಾಲದವನ ಕೈಕೆಳಗೆ ಗಳ ಹೊರುವ ಕೆಲಸಕ್ಕೆ ನಿಂತ. ಹಗ್ಗ ಬಿಗಿಯುವುದು, ಗಾಳಿ ಬಂದಾಗ ಬಟ್ಟೆಗೆ ಎಲ್ಲಿ ಸಡಿಲು ಬಿಡಬೇಕು ಎನ್ನುವುದು, ಊಟದ ಸಾಲಿಗೆ ಬಿಸಿಲು ಬೀಳದಂತೆ ಕಂಬ ಎಲ್ಲಿ ಹೂಳಬೇಕು ಎನ್ನುವುದು ಅಲ್ಲಿ ಕಲಿತದ್ದು. ಆಮೇಲೆ ಸಿಂದಗಿಗೆ ಬಂದು ಸ್ವಂತ ದಂಧೆ ಶುರು ಮಾಡಿದ. ತಂದೆ ತೀರಿಕೊಂಡ ವರ್ಷ ಉಳಿದ ಕುರಿಗಳನ್ನು ಮಾರಿ ತಾಯಿಯನ್ನು ತನ್ನ ಮನೆಗೆ ಕರೆತಂದ. ಈಗ ಅವನಿಗೆ ಐವತ್ತಕ್ಕೆ ಹತ್ತಿರ. ಹೆಂಡತಿ ಕಾವೇರಿ, ಒಬ್ಬಳೇ ಮಗಳನ್ನು ಬಸವನ ಬಾಗೇವಾಡಿಗೆ ಕೊಟ್ಟಾಗಿದೆ.

ಅವನ ಗೋದಾಮಿಗೆ ಹೊಂದಿಕೊಂಡೇ ಜಾಹಿದನ ಅಂಗಡಿ. ಮೋಟಾರ್‌ಸೈಕಲ್ಲಿನ ಬಿಡಿಭಾಗ ಮಾರುವುದು ಅವನ ವ್ಯಾಪಾರ. ಸಂಜೆ ಆ ಅಂಗಡಿಯ ಮುಂದೆ ಮೂರು ಕುರ್ಚಿ ಬೀಳುತ್ತವೆ. ಒಂದು ಜಾಹಿದನದು, ಒಂದು ಮಾಳಿಂಗರಾಯನದು, ಮೂರನೆಯದು ಸುನೀಲಕುಮಾರ ಮಾಸ್ತರರದು. ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಇಂಡಿ ಕಡೆಯ, ಬೌದ್ಧರಾದ ದಲಿತ ಮನೆತನದವರು. ಸಿಂದಗಿಗೆ ವರ್ಗವಾಗಿ ಬಂದು ಹತ್ತು ಹನ್ನೆರಡು ವರ್ಷಗಳಾಗಿ, ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಹೆಂಡತಿ ಪಲ್ಲವಿಯೊಂದಿಗೆ ಅಲ್ಲೇ ನೆಲೆಸಿದ್ದರು. ಕಡಿಮೆ ಮಾತಿನ ಮನುಷ್ಯ. ಬುದ್ಧ ಪೂರ್ಣಿಮೆಗೆ ಅವರ ಓಣಿಯಲ್ಲಿ ಪ್ರತಿ ವರ್ಷ ಪೆಂಡಾಲ ಹಾಕುವವನು ಮಾಳಿಂಗರಾಯನೇ. ಗುರುತು ಹಾಗೇ ಬೆಳೆದದ್ದು.

ಲಡಾಖಿಗೆ ಹೋಗುವ ಮಾತು ಎತ್ತಿದವನು ಜಾಹಿದ. ಮೂರು ವರ್ಷದಿಂದ ಫೋನಿನಲ್ಲಿ ಅದೇ ವಿಡಿಯೋ ನೋಡುತ್ತಿದ್ದ: ಬೋಳು ಬೆಟ್ಟ, ಕಪ್ಪು ರಸ್ತೆ, ಹಿಂದೆ ಗಂಟು ಕಟ್ಟಿಕೊಂಡು ಸಾಲಾಗಿ ಹೋಗುವ ಗಾಡಿಗಳು.

“ಆಷಾಢದಾಗ ನಿನಗೂ ಮದವಿ ಇಲ್ಲ, ನನಗೂ ಗಿರಾಕಿ ಇಲ್ಲ,” ಎಂದ ಮಾಳಿಂಗರಾಯನಿಗೆ. “ಸರ್ ರಜಾ ಹಾಕ್ತಾರ. ಗಾಡಿ ಮ್ಯಾಲೇ ಹೋಗೂದು, ಎಲ್ಲಿ ಹೊತ್ತು ಮುಳಗ್ತೈತಿ ಅಲ್ಲೇ ಟೆಂಟ್ ಹೊಡಿಯೂದು.”

“ಟೆಂಟ್ ನಾ ಹೊಡಿತೇನಿ,” ಎಂದ ಮಾಳಿಂಗರಾಯ. ಹೂಂ ಎಂದಂತಾಯಿತು.

ಮನೆಯಲ್ಲಿ ಕಾವೇರಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಚೂಡಾ ಕಟ್ಟಿಕೊಟ್ಟಳು. ಸುಂದರವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತು, ಬುಲೆಟ್ಟಿಗೆ ಸಾಮಾನು ಬಿಗಿಯುವ ಮಗನನ್ನು ನೋಡಿದಳು.

“ನಿಮ್ಮಪ್ಪ ಹೊಟ್ಟಿಪಾಡಿಗೆ ಅಡವ್ಯಾಗ ಮಲಗ್ತಿದ್ದ,” ಎಂದಳು. “ನೀ ಮನಿ ಬಿಟ್ಟು ಹುಡುಕ್ಕೊಂಡು ಹೋಗಿ ಅಡವ್ಯಾಗ ಮಲಗಾಕ ಹೊಂಟಿ.”

ಮಾಳಿಂಗರಾಯ ನಕ್ಕ. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

ಸೊಲ್ಲಾಪುರ ದಾಟಿ ಧುಳೆ, ಇಂದೂರು ಹಿಡಿದು ಉತ್ತರಕ್ಕೆ ಹೋದರು. ಎಲ್ಲ ಕಡೆ ಮಳೆ. ಮೊದಲ ದಿನ ಪೆಟ್ರೋಲ್ ಪಂಪಿನ ಹಿಂದಿನ ಬಯಲಿನಲ್ಲಿ ಟೆಂಟ್ ಹೊಡೆದರು. ಮಾಳಿಂಗರಾಯ ಆ ಸಣ್ಣ ಬಟ್ಟೆಯ ಗೂಡನ್ನು ಎತ್ತಿ ನಿಲ್ಲಿಸಿ, ಸುತ್ತ ಒಂದು ಸುತ್ತು ಹಾಕಿ, ಕಂಪನಿಯವರು ಕೊಟ್ಟ ದಾರ ಬಿಚ್ಚಿ ತನ್ನ ಹಗ್ಗ ಕಟ್ಟಿದ. ಒಳಗೆ ಮಲಗಿದಾಗ ಮಾತ್ರ ಉಸಿರು ಕಟ್ಟಿದಂತಾಯಿತು. ಅವನು ಜೀವಮಾನವಿಡೀ ಕಟ್ಟಿದ್ದು ನಾಲ್ಕೂ ಕಡೆ ತೆರೆದದ್ದನ್ನು, ಸಾವಿರ ಜನ ಬಂದು ಹೋಗುವಂಥದ್ದನ್ನು. ಮೂಗಿಗೆ ತಾಗುವ ಛಾವಣಿಯ ಕೆಳಗೆ ಮಲಗಿ ರೂಢಿಯಿರಲಿಲ್ಲ. ಎರಡು ದಿನದಲ್ಲಿ ಅದೂ ಒಗ್ಗಿತು. ಢಾಬಾದ ಹಿಂದೆ, ಒಮ್ಮೆ ಗುರುದ್ವಾರದ ಅಂಗಳದಲ್ಲಿ, ಒಮ್ಮೆ ಕಬ್ಬಿನ ಗದ್ದೆಯ ಬದುವಿನಲ್ಲಿ ಉಳಿದುಕೊಂಡರು. ಬೆಳಿಗ್ಗೆ ಮಾಸ್ತರರು ಸ್ಟೋವ್ ಹಚ್ಚಿ ಚಹಾ ಮಾಡುತ್ತಿದ್ದರು. ಜಾಹಿದ ಮೂರೂ ಗಾಡಿಗಳ ಚೈನು ನೋಡುತ್ತಿದ್ದ. ತಕರಾರಿನ ಮಾತು ಯಾರಿಂದಲೂ ಬರಲಿಲ್ಲ.

ಮನಾಲಿಯಲ್ಲಿ ದೇವದಾರು ಮರಗಳ ಮೇಲೆ ಮಳೆ ಹೊಯ್ಯುತ್ತಿತ್ತು. ದೊಡ್ಡ ಸುರಂಗ ಹೊಕ್ಕು ಆಚೆ ಬಂದರೆ ಮಳೆಯೇ ಇಲ್ಲ. ಒಣ ಬೆಟ್ಟ, ಕೆಳಗೆ ಹೊಳೆ, ಹೊಳೆಯ ದಂಡೆಗೆ ಬಟಾಣಿ ಹೊಲ. ಬಿಸಿಲು ಚುರುಕಾಗಿತ್ತು, ಗಾಳಿ ತಣ್ಣಗಿತ್ತು. ಜಿಸ್ಪಾ ಎಂಬ ಹಳ್ಳಿ ಮುಟ್ಟಿದಾಗ ಇನ್ನೂ ಮಧ್ಯಾಹ್ನ. ಮಾಸ್ತರರು ಗಾಡಿ ನಿಲ್ಲಿಸಿದರು.

“ಇಲ್ಲಿ ಒಂದೆರಡು ದಿನ ನಿಲ್ಲೂನ್ರಿ,” ಎಂದರು. “ಮೈಗೆ ಎತ್ತರ ಹೊಂದಬೇಕು. ಒಮ್ಮೆಲೇ ಏರಬಾರ್ದು ಅಂತಾರ.”

“ಇನ್ನೂ ಹೊತ್ತೈತ್ರಿ ಸರ್,” ಎಂದ ಮಾಳಿಂಗರಾಯ. “ನನಗೇನಾಗೈತಿ? ನಡೀರಿ, ಮುಂದ ಹೋಗಿ ಮಲಗೂನು.”

ಜಾಹಿದನಿಗೂ ಮುಂದೆ ಹೋಗುವ ಆತುರ. ಇಬ್ಬರು ಒಂದು ಕಡೆಯಾದ ಮೇಲೆ ಮಾಸ್ತರರು ಹೆಲ್ಮೆಟ್ ಹಾಕಿಕೊಂಡರು.

ಅಂದು ಸಂಜೆ ತಲುಪಿದ ಜಾಗದ ಹೆಸರು ಜಿಂಗ್ ಜಿಂಗ್ ಬಾರ್. ಕಲ್ಲಿನ ಮೇಲೆ ಬರೆದ ಹೆಸರು ಓದಿ ಜಾಹಿದ, “ಇಷ್ಟು ಮ್ಯಾಲ ಯಾರ್ ಬಂದು ಕುಡೀತಾರೋ,” ಎಂದ. ಕುಡಿಯುವ ಬಾರ್ ಅಲ್ಲಿರಲಿಲ್ಲ. ರಸ್ತೆ ಕೆಲಸದವರ ಶೆಡ್ಡು, ಒಂದು ಜೆಸಿಬಿ, ಬಿಳಿ ಬಟ್ಟೆ ಹೊದೆಸಿದ ಎರಡು ಮೂರು ಢಾಬಾ ಟೆಂಟುಗಳು, ಇಷ್ಟೇ. ಮರ ಗಿಡ ಒಂದೂ ಇಲ್ಲ. ಮೇಲೆ ಬೆಟ್ಟದ ಮಗ್ಗುಲಿಗೆ ಹಿಮ.

ಮಾಳಿಂಗರಾಯ ಜಾಗ ಹುಡುಕಿ ಗೂಟ ಹೊಡೆಯತೊಡಗಿದ. ನೆಲವೆಲ್ಲ ಪುಡಿಗಲ್ಲು, ಹೊಡೆದ ಗೂಟ ಸಲೀಸಾಗಿ ಇಳಿಯಿತು, ಅಷ್ಟೇ ಸಲೀಸಾಗಿ ಎದ್ದು ಬಂತು. ಅವನು ಹಗ್ಗಕ್ಕೆ ಕಲ್ಲು ಕಟ್ಟಿದ, ಮತ್ತೆ ಗಂಟು ಹಾಕಿದ. ಗಾಳಿ ಬೀಸಿದ ಮೊದಲ ಹೊಡೆತಕ್ಕೆ ಟೆಂಟು ಎದ್ದು, ಎರಡು ಲಾಗ ಹಾಕಿ, ಜೆಸಿಬಿಯ ಬಾಯಿಗೆ ಹೋಗಿ ಸಿಕ್ಕಿಕೊಂಡಿತು. ರಸ್ತೆ ಕೆಲಸದವರು ಬಿದ್ದು ಬಿದ್ದು ನಕ್ಕರು. ಅದನ್ನು ಬಿಡಿಸಿ ತರಲು ಓಡಿದ ಮಾಳಿಂಗರಾಯ ಅರ್ಧ ದಾರಿಯಲ್ಲೇ ಕುಳಿತುಬಿಟ್ಟ. ಎದೆ ಏರಿಳಿಯುತ್ತಿತ್ತು. ಮಾಸ್ತರರು ಹೋಗಿ ಟೆಂಟು ತಂದರು. ಬಟ್ಟೆ ಉದ್ದಕ್ಕೆ ಹರಿದಿತ್ತು. ಮೂವರೂ ಢಾಬಾದಲ್ಲೇ ಮಲಗಿದರು.

ಬೆಳಕು ಹರಿಯುವಾಗ ಮಾಳಿಂಗರಾಯನ ತಲೆ ಸುತ್ತಿಗೆಯಿಂದ ಬಡಿದ ಹಾಗಿತ್ತು. ಎರಡು ಸಲ ವಾಂತಿಯಾಯಿತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಬಲಗಾಲಿನ ಬೂಟನ್ನು ಎಡಗಾಲಿಗೆ ಹಾಕಲು ನೋಡಿ, ಆಗದೆ, ಮತ್ತೆ ಅದನ್ನೇ ಹಾಕಲು ನೋಡುತ್ತಿದ್ದ.

“ಪೆಂಡಾಲದ ಟೆಂಪೋ ಲೋಡ್ ಆತೇನು?” ಎಂದು ಕೇಳಿದ. ಮಾಸ್ತರರು ಅವನ ಮುಖವನ್ನೇ ನೋಡಿದರು.

ಢಾಬಾ ನಡೆಸುವ ಹೆಂಗಸು ಹಿಂದಿಯಲ್ಲಿ, ತಡ ಮಾಡಬೇಡಿ, ಇವರನ್ನು ಕೆಳಗೆ ಒಯ್ಯಿರಿ ಎಂದಳು. ಅವಳು ಇಂಥವರನ್ನು ಪ್ರತಿ ವರ್ಷ ನೋಡುವವಳು. ದನಿಯಲ್ಲಿ ಗಾಬರಿ ಇರಲಿಲ್ಲ.

“ನಾ ಇಲ್ಲೇ ಮಲಗಿರ್ತೇನಿ,” ಎಂದ ಮಾಳಿಂಗರಾಯ. “ನೀವಿಬ್ರೂ ಹೋಗಿ ಬರ್ರಿ.”

“ಇಲ್ಲಿ ಮಲಗಿದ್ರ ಏಳಂಗಿಲ್ರಿ ನೀವು,” ಎಂದರು ಮಾಸ್ತರರು. “ಕೆಳಗ ಹೋಗೂನು.”

ಜಾಹಿದ ಹೊರಗೆ ನಿಂತಿದ್ದ. ರಸ್ತೆ ಮೇಲಕ್ಕೆ ತಿರುಗುವ ಕಡೆ ನೋಡುತ್ತಿದ್ದ. ಪಕ್ಕದ ಢಾಬಾದಲ್ಲಿ ಕೊಲ್ಲಾಪುರದ ನಾಲ್ಕು ಮಂದಿ ಗಾಡಿ ಚಾಲೂ ಮಾಡಿ ಹೊರಡಲು ಸಜ್ಜಾಗಿದ್ದರು. ಅವನು ಒಳಗೆ ಬಂದು ಮಾಳಿಂಗರಾಯನ ಹತ್ತಿರ ಕುಳಿತ.

“ಮಾಳಿಂಗಣ್ಣ, ನಾ ಹೋಗ್ತೇನಿ ಮುಂದ,” ಎಂದ. “ಸರ್ ನಿನ್ನ ಕರ್ಕೊಂಡು ಇಳೀತಾರ. ಮತ್ತೊಮ್ಮೆ ಬರಾಕ ನನಗ ಆಗಂಗಿಲ್ಲ. ಸಿಟ್ಟ ಮಾಡ್ಕೋಬ್ಯಾಡ.”

“ಹೋಗು,” ಎಂದ ಮಾಳಿಂಗರಾಯ. ಆ ಹೊತ್ತಿಗೆ ಅವನಿಗೆ ಸಿಟ್ಟು ಬರುವಷ್ಟು ತ್ರಾಣವೂ ಇರಲಿಲ್ಲ. ಜಾಹಿದ ಅವನ ಬೂಟನ್ನು ಸರಿಯಾದ ಕಾಲಿಗೆ ಹಾಕಿ, ಲೇಸು ಕಟ್ಟಿ, ಕೊಲ್ಲಾಪುರದವರ ಹಿಂದೆ ಗಾಡಿ ಹೊಡೆದುಕೊಂಡು ಹೋದ.

ಲೇಹ್‌ಗೆ ತರಕಾರಿ ಒಯ್ದು ಖಾಲಿ ಬರುತ್ತಿದ್ದ ಪಿಕಪ್ ಒಂದನ್ನು ಮಾಸ್ತರರು ಕೈ ಮಾಡಿ ನಿಲ್ಲಿಸಿದರು. ಮಾಳಿಂಗರಾಯನನ್ನು ಡ್ರೈವರನ ಪಕ್ಕ ಕೂರಿಸಿ, ಬುಲೆಟ್ಟನ್ನು ಢಾಬಾದವಳ ಸುಪರ್ದಿಗೆ ಬಿಟ್ಟು, ತಾವು ತಮ್ಮ ಗಾಡಿಯಲ್ಲಿ ಪಿಕಪ್ಪಿನ ಬೆನ್ನು ಹಿಡಿದರು. ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಚ್ಚಿ ಮಲಗಿಸಿದರು. ಮಾಳಿಂಗರಾಯನಿಗೆ ಆ ದಿನದ ನೆನಪು ಅಷ್ಟಷ್ಟೇ: ಹಸಿರು ಪರದೆ, ಕಿಟಕಿಯಾಚೆ ಬಿಳಿ ಬೆಟ್ಟ, ಕುರ್ಚಿಯಲ್ಲಿ ಕೂತೇ ನಿದ್ದೆ ಹೋದ ಮಾಸ್ತರರು. ಒಮ್ಮೆ ಎಚ್ಚರವಾದಾಗ ಅವರು ಚಮಚದಿಂದ ಗಂಜಿ ಕುಡಿಸುತ್ತಿದ್ದರು. ಎಷ್ಟು ಹೊತ್ತಿನಿಂದ ಕುಡಿಸುತ್ತಿದ್ದರೋ ತಿಳಿಯದು.

ಮೇಲೆ ಹೋಗುವುದು ಬೇಡ, ಕೆಲವು ದಿನ ವಿಶ್ರಾಂತಿ ತೆಗೆದುಕೊಂಡು ಊರಿಗೆ ಹೋಗಿರಿ ಎಂದು ಡಾಕ್ಟರು ಹೇಳಿ ಕಳಿಸಿಕೊಟ್ಟರು. ಜಾಹಿದ ತಿರುಗಿ ಬರುವತನಕ ಕಾಯಬೇಕಿತ್ತು. ಜಿಸ್ಪಾದಿಂದ ಸ್ವಲ್ಪ ಕೆಳಗೆ ಹೊಳೆಯ ದಂಡೆಗೆ ಒಬ್ಬ ವಿಧವೆ ಪ್ರವಾಸಿಗರಿಗೆಂದು ಟೆಂಟುಗಳನ್ನು ಇಟ್ಟಿದ್ದಳು. ಅಲ್ಲಿ ಉಳಿದರು. ಸುತ್ತ ಅವಳ ಬಟಾಣಿ ಹೊಲ. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು, ಇವರೂ ಹಾಗೇ ಕರೆದರು.

ಮಾಳಿಂಗರಾಯನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಮೊದಲೆರಡು ದಿನ ಮಲಗಿಯೇ ಇದ್ದ. ತಲೆ ಹಗುರಾಗುತ್ತಿದ್ದಂತೆ ದೀದಿಯ ಟೆಂಟುಗಳ ಹಗ್ಗ ಎಳೆದು ನೋಡತೊಡಗಿದ. ಇಲ್ಲಿನ ಜನ ಗೂಟ ನಂಬದೆ, ಚೀಲಕ್ಕೆ ಕಲ್ಲು ತುಂಬಿ ನೆಲದಲ್ಲಿ ಹೂತು, ಅದಕ್ಕೆ ಹಗ್ಗ ಬಿಗಿದಿದ್ದರು. ಅವನು ಒಂದು ಚೀಲ ಅಗೆದು ತೆಗೆದು ನೋಡಿ, ಮತ್ತೆ ಹೂತಿಟ್ಟ. ಅತ್ತ ಮಾಸ್ತರರು ಲಾರಿಯೊಂದರಲ್ಲಿ ಮೇಲಕ್ಕೆ ಹೋಗಿ ಬುಲೆಟ್ಟನ್ನು ಇಳಿಸಿಕೊಂಡು ಬಂದರು. ಬೆಳಿಗ್ಗೆ ಅವರು ಹೊಳೆಗುಂಟ ದೂರ ನಡೆದು ಹೋಗಿ ಬರುತ್ತಿದ್ದರು. ಕುರಿ ಹಿಂಡುಗಳು ಮೇಲಿನ ಹುಲ್ಲಿಗೆ ದಾಟಿ ಹೋಗುತ್ತಿವೆ, ಕುರುಬರ ಜೊತೆ ಮಾತಾಡಿದೆ ಎಂದು ಒಮ್ಮೆ ಹೇಳಿದರು. ಮಾಳಿಂಗರಾಯ ಅಂದು ಹಾಸಿಗೆ ಬಿಟ್ಟು ಎದ್ದಿರಲಿಲ್ಲ, ಕೇಳಿಸಿಕೊಂಡ ಅಷ್ಟೇ.

ಒಂದು ದಿನ ಇಬ್ಬರೂ ಗುಡ್ಡದ ಮೇಲಿನ ಗೊಂಪಾಕ್ಕೆ, ಅಂದರೆ ಅಲ್ಲಿನ ಬೌದ್ಧ ಮಠಕ್ಕೆ, ಹೋದರು. ಒಳಗೆ ತುಪ್ಪದ ದೀಪದ ವಾಸನೆ, ಗೋಡೆ ತುಂಬ ಬಣ್ಣದ ಚಿತ್ರ. ಮಾಸ್ತರರು ಕೈ ಜೋಡಿಸಿ ನಿಂತರು, ಅಡ್ಡ ಬೀಳಲಿಲ್ಲ. ವಯಸ್ಸಾದ ಭಿಕ್ಷುವೊಬ್ಬರು ಎಲ್ಲಿಯವರು ಎಂದು ಕೇಳಿದರು. ಕರ್ನಾಟಕ, ನಾವೂ ಬೌದ್ಧರು ಎಂದರು ಮಾಸ್ತರರು. ಭಿಕ್ಷು ಖುಷಿಯಾಗಿ, ನಿಮ್ಮಲ್ಲಿ ಪೂಜೆ ಹೇಗೆ ಮಾಡುತ್ತೀರಿ ಎಂದರು.

“ಪೂಜೆ ಕಡಿಮೆ,” ಎಂದರು ಮಾಸ್ತರರು ಹಿಂದಿಯಲ್ಲಿ. “ನಮ್ಮ ತಂದೆ ನಮ್ಮನ್ನ ಸಾಲಿಗೆ ಕಳಿಸಿದರು. ಅದೇ ನಮ್ಮ ಪೂಜೆ.”

ಭಿಕ್ಷು ತಲೆಯಾಡಿಸಿ, ಇಬ್ಬರಿಗೂ ಉಪ್ಪಿನ ಚಹಾ ಹಾಕಿಕೊಟ್ಟರು. ಮಾಳಿಂಗರಾಯ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

ದೀದಿಯ ಮನೆಯಲ್ಲಿ ಊಟ ಅಡುಗೆಮನೆಯಲ್ಲೇ. ನಡುವೆ ಕಬ್ಬಿಣದ ಒಲೆ, ಗೋಡೆಗುಂಟ ಹಾಸಿದ ಕಂಬಳಿ, ಅದರ ಮೇಲೆ ಎಲ್ಲರೂ ಸಾಲಾಗಿ: ದೀದಿ, ಅವಳ ಮಾವ, ಬಟಾಣಿ ಬಿಡಿಸಲು ಬಂದ ನೇಪಾಳದ ಆಳುಗಳು, ದಿಲ್ಲಿಯಿಂದ ಬಂದ ಒಬ್ಬ ಸೈಕಲ್ ಸವಾರ, ಇವರಿಬ್ಬರು. ಒಂದೇ ಪಾತ್ರೆಯಿಂದ ಬಡಿಸುತ್ತಿದ್ದರು. ಮೂರು ಹೊತ್ತೂ ಮಾಸ್ತರರ ಮಗ್ಗುಲಲ್ಲಿ ಕೂತು ಉಣ್ಣುವುದು ಮಾಳಿಂಗರಾಯನಿಗೆ ರೂಢಿಯಾಗಿತ್ತು. ಅವರು ಅನ್ನಕ್ಕೆ ಮೊದಲು ಹಸಿಮೆಣಸಿನಕಾಯಿ ಕಚ್ಚುತ್ತಾರೆ, ಪಲ್ಯವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ ಎಂಬುದು ಅವನಿಗೆ ಈಗ ಗೊತ್ತಾಗಿತ್ತು. ಇಷ್ಟು ವರ್ಷದ ಸ್ನೇಹದಲ್ಲಿ ಇದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಒಂದು ಮಧ್ಯಾಹ್ನ ಅವನಿಗೆ ಅನಿಸಿತು. ಅನಿಸಿದ್ದನ್ನು ಹಾಗೇ ಕೇಳಿಬಿಟ್ಟ.

“ಅಲ್ರಿ ಸರ್, ನೀವು ನಮ್ಮ ಮನಿಗೆ ಊಟಕ್ಕ ಒಮ್ಮಿನೂ ಬಂದಿಲ್ಲಲ್ರಿ. ಯಾಕ?”

ಮಾಸ್ತರರು ರೊಟ್ಟಿ ಮುರಿಯುತ್ತ, “ನೀವು ಕರದಿಲ್ಲಲ್ರಿ,” ಎಂದರು.

ಅದರಲ್ಲಿ ದೂರು ಇರಲಿಲ್ಲ. ಹೊತ್ತೆಷ್ಟು ಎಂದು ಕೇಳಿದವರಿಗೆ ಹೊತ್ತು ಹೇಳಿದ ಹಾಗಿತ್ತು.

“ಮಗಳ ಮದವಿಗೆ ಬಂದಿದ್ರಲ್ಲ?”

“ಬಂದಿದ್ದೆ. ಪೆಂಡಾಲದಾಗ ಉಂಡು ಹೋದೆ. ಪೆಂಡಾಲ ಬ್ಯಾರೆ, ಮನಿ ಬ್ಯಾರೆ.”

ದೀದಿ ಬೇಳೆಯ ಸೌಟು ಹಿಡಿದು ಬಂದಳು. ಇಬ್ಬರೂ ತಟ್ಟೆ ಒಡ್ಡಿದರು. ಮಾಳಿಂಗರಾಯ ಲೆಕ್ಕ ಹಾಕುತ್ತಿದ್ದ. ಜಾಹಿದನನ್ನು ಕರೆದದ್ದಿದೆ, ಅವನ ಹೆಂಡತಿ ಅಬಿದಾ ಬಂದು ಕಾವೇರಿಯ ಜೊತೆ ಒಳಗೆ ಕೂತು ಶೀಕರಣಿ ಉಂಡದ್ದಿದೆ. ಬ್ಯಾಂಕಿನವರು, ಪಂಚಾಯತಿಯವರು, ಬಟ್ಟೆ ಕೊಡುವ ಸೊಲ್ಲಾಪುರದ ವ್ಯಾಪಾರಿ, ಎಲ್ಲರೂ ಬಂದಿದ್ದಾರೆ. ಮಾಸ್ತರರು ಮನೆಗೆ ಬಂದಾಗಲೆಲ್ಲ ಹೊರಗಿನ ಕಟ್ಟೆಯ ಹತ್ತಿರವೇ ಮಾತು ಮುಗಿದಿದೆ. ಬೇಕೆಂದು ಹಾಗೆ ಮಾಡಿದ್ದಲ್ಲ. ಬೇಡವೆಂದೂ ತಾನು ಹೇಳಿದವನಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು.

“ನಮ್ಮವ್ವ...” ಎಂದು ಶುರು ಮಾಡಿ ನಿಲ್ಲಿಸಿದ.

“ಗೊತ್ತೈತ್ರಿ,” ಎಂದರು ಮಾಸ್ತರರು. “ಅದಕ್ಕ ನಾನೂ ಏನೂ ಕೇಳಿಲ್ಲ. ಉಣ್ರಿ, ಆರ್ತೈತಿ.”

ಉಂಡರು. ಊಟವಾದ ಮೇಲೆ ಮಾಳಿಂಗರಾಯ ಹೊಳೆಯ ದಂಡೆಗೆ ಹೋಗಿ ಕುಳಿತ. ನೀರು ಬೂದಿ ಬಣ್ಣದ್ದು, ಹರಿಯುವ ಸಪ್ಪಳಕ್ಕೆ ಬೇರೆ ಏನೂ ಕೇಳುತ್ತಿರಲಿಲ್ಲ. ಅವನಿಗೆ ನಾಚಿಕೆ ಆಯಿತೆನ್ನುವುದಕ್ಕಿಂತ ಮುಜುಗರ ಆಯಿತು ಎನ್ನಬೇಕು: ತನ್ನ ಮನೆಯ ಬಾಗಿಲು ಎಲ್ಲಿದೆ ಎಂದು ತನಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಚಳಿ ಹತ್ತಿತು. ಎದ್ದು ಬಂದು, ದೀದಿಯ ಮಾವನ ಜೊತೆ ಕೂತು ಬಟಾಣಿ ಸುಲಿದ.

ಜಾಹಿದ ಬಂದಾಗ ಅವನ ಮೂಗಿನ ಮೇಲಿನ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳುತ್ತಿತ್ತು. ಎಲ್ಲಕ್ಕಿಂತ ಎತ್ತರದ ರಸ್ತೆ ಏರಿದ್ದ, ಸರೋವರದ ದಂಡೆಗೆ ಕೊಲ್ಲಾಪುರದವರ ಟೆಂಟಿನಲ್ಲಿ ಮಲಗಿದ್ದ, ಅವರಿಗೆ ಎರಡು ಸಲ ಕ್ಲಚ್ ತಂತಿ ಹಾಕಿಕೊಟ್ಟಿದ್ದ. ಬಿಟ್ಟು ಹೋದೆನೆಂಬ ಸಂಕೋಚ ಅವನ ಮುಖದಲ್ಲಿ ಕಾಣಲಿಲ್ಲ. ಇವರೂ ಅದನ್ನು ಹುಡುಕಲಿಲ್ಲ. ಮಾಳಿಂಗರಾಯನನ್ನು ಮೇಲಿಂದ ಕೆಳಗೆ ನೋಡಿ, “ಚೊಲೋ ಆಗಿ ನೋಡು,” ಎಂದ. ಆಮೇಲೆ ದಾರಿಯುದ್ದಕ್ಕೂ, ನಿಂತಲ್ಲೆಲ್ಲ, ಫೋಟೋ ತೋರಿಸಿದ. ಮಾಳಿಂಗರಾಯ ಎಲ್ಲವನ್ನೂ ನೋಡಿದ.

ಇಂದೂರಿನ ಈಚೆ ಒಂದು ಢಾಬಾದಲ್ಲಿ, ಜಾಹಿದ ಕೈ ತೊಳೆಯಲು ಹೋದಾಗ, ಮಾಳಿಂಗರಾಯ ಮಾಸ್ತರರಿಗೆ ಹೇಳಿದ.

“ಊರಿಗೆ ಹೋದ ಮ್ಯಾಲ ಐತವಾರ ಊಟಕ್ಕ ಬರ್ರಿ. ಪಲ್ಲವಿ ಬಾಯಾರನ್ನೂ ಕರ್ಕೊಂಡು ಬರ್ರಿ.”

“ಮೊದಲ ಮನಿಯಾಗ ಕೇಳ್ರಿ.”

“ಕೇಳೂದೇನೈತ್ರಿ? ನನ್ನ ಮನಿ.”

“ಕೇಳ್ರಿ. ಆಮ್ಯಾಲ ಕರೀರಿ. ಬಂದ ಮ್ಯಾಲ ಯಾರ ಮಾರಿನೂ ಸಣ್ಣ ಆಗಬಾರ್ದು. ಪಲ್ಲವಿ ಇದನ್ನೆಲ್ಲ ಬಾಳ ನೋಡ್ಯಾಳ.”

ಊರಿಗೆ ಬಂದು ಎರಡು ದಿನ ಮಾಳಿಂಗರಾಯ ಕೇಳಲಿಲ್ಲ. ಮೂರನೆಯ ದಿನ, ಕಾವೇರಿ ಜೋಳ ಹಸನು ಮಾಡುತ್ತಿದ್ದಾಗ, ಸುಂದರವ್ವ ಎದುರಿಗಿದ್ದಾಗಲೇ ಹೇಳಿದ: ಐತವಾರ ಮಾಸ್ತರರೂ ಅವರ ಹೆಂಡತಿಯೂ ಊಟಕ್ಕೆ ಬರುತ್ತಾರೆ, ಒಳಗೆ ಕೂತು ಉಣ್ಣುತ್ತಾರೆ.

ಕಾವೇರಿ ಮೊರ ನಿಲ್ಲಿಸಿ ಅತ್ತೆಯ ಕಡೆ ನೋಡಿದಳು. ಆಮೇಲೆ ಗಂಡನಿಗೆ, “ಮಾಸ್ತರ್ರು ಬದನಿಕಾಯಿ ತಿಂತಾರೇನು?” ಎಂದಳು.

“ತಿಂತಾರ. ಹಸಿ ಮೆಣಸಿನಕಾಯಿ ಜೊತಿಗಿರಲಿ.”

ಸುಂದರವ್ವ ಎದ್ದು ಒಳಗೆ ಹೋದಳು. ಶನಿವಾರ ಬೆಳಿಗ್ಗೆ ಎದ್ದು ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿ, ಹಲಸಂಗಿಯಲ್ಲಿರುವ ಮಗಳು ಸುಮಂಗಲಾಳ ಮನೆಗೆ ಹೋಗುತ್ತೇನೆ ಎಂದಳು. ಮಾಳಿಂಗರಾಯ ಬುಲೆಟ್ಟಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಡಲು ಹೋದ. ಕಿಟಕಿಯ ಪಕ್ಕ ಸೀಟು ಹಿಡಿದು ಕೊಟ್ಟ. ಬಸ್ಸು ಹೊರಡುವತನಕ ಕೆಳಗೆ ನಿಂತಿದ್ದ.

“ಸಿಟ್ಟೇನವ್ವ?”

“ಸಿಟ್ಟ ಯಾಕ? ಮನಿ ನಿಂದು, ನಡಿಸು. ನನ್ನ ಕಾಲ ನಂದು. ನಾ ಅದನ್ನ ನೋಡ್ಕೋತ ಕುಂದ್ರಾಕಿ ಅಲ್ಲ.”

“ಯಾವಾಗ ಬರ್ತಿ?”

“ಬರ್ತೇನಿ, ಬ್ಯಾಸರಾದ ಮ್ಯಾಲ.”

ಐತವಾರ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಪಲ್ಲವಿ ಬಾಳೆಹಣ್ಣು ತಂದಿದ್ದಳು. ಮೊದಲು ಎಲ್ಲರೂ ಸ್ವಲ್ಪ ಜಾಸ್ತಿಯೇ ಮಾತಾಡಿದರು. ಕಾವೇರಿ ಎಣ್ಣೆಗಾಯಿ, ರೊಟ್ಟಿ, ಹೆಸರುಕಾಳಿನ ಉಸುಳಿ, ಹೋಳಿಗೆ ಮಾಡಿದ್ದಳು. ಪಲ್ಲವಿ ಉಣ್ಣುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು, ಹೋಳಿಗೆ ಬರುವ ಹೊತ್ತಿಗೆ ಗೋಡೆಗೆ ಒರಗಿದಳು. “ಅತ್ತಿಯವ್ರು ಇಲ್ಲೇನ್ರಿ?” ಎಂದು ಕೇಳಿದಳು.

“ಹಲಸಂಗಿಗೆ ಹೋಗ್ಯಾರ,” ಎಂದಳು ಕಾವೇರಿ.

ಪಲ್ಲವಿ ಗಂಡನ ಕಡೆ ನೋಡಲಿಲ್ಲ. “ಹೋಳಗಿಗೆ ಯಾಲಕ್ಕಿ ಚೊಲೋ ಹಿಡದೈತ್ರಿ,” ಎಂದಳು. ಹೋಗುವಾಗ ಕಾವೇರಿಗೆ, ಮುಂದಿನ ಐತವಾರ ನೀವು ಬರಬೇಕು ಎಂದು ಹೇಳಿದಳು. ಕಾವೇರಿ ಹೋದಳು ಕೂಡ.

ಓಣಿಯಲ್ಲಿ ಇದು ಎಲ್ಲರಿಗೂ ತಿಳಿಯಿತು. ಯಾರೂ ಎದುರಿಗೆ ಏನೂ ಕೇಳಲಿಲ್ಲ. ಆಲಮೇಲದ ನೆಂಟರೊಬ್ಬರು ಶ್ರಾವಣದ ಒಂದು ಕಾರ್ಯಕ್ಕೆ ಬೇರೆಯವರ ಪೆಂಡಾಲ ಹೇಳಿದರು. ಅದಕ್ಕೂ ಈ ಊಟಕ್ಕೂ ಸಂಬಂಧವಿತ್ತೋ ಇಲ್ಲವೋ, ಮಾಳಿಂಗರಾಯ ವಿಚಾರಿಸಲು ಹೋಗಲಿಲ್ಲ. ಹರಿದ ಟೆಂಟನ್ನು ತನ್ನ ದರ್ಜಿಗೆ ಕೊಟ್ಟು ಹೊಲಿಸಿ ಜಾಹಿದನಿಗೆ ಕೊಟ್ಟ. ತನಗೆ ಬೇಡವೆಂದ.

ಸುಂದರವ್ವ ಹದಿನೈದು ದಿನಕ್ಕೆ ತಿರುಗಿ ಬಂದಳು. “ಉಂಡು ಹೋದ್ರೇನು?” ಎಂದು ಒಂದೇ ಮಾತು ಕೇಳಿದಳು, ಹೂಂ ಎಂದ ಮೇಲೆ ಅದನ್ನು ಮತ್ತೆ ಎತ್ತಲಿಲ್ಲ. ಬೇರೆ ಒಂದು ದಿನ ಮಗನಿಗೆ, “ಆ ಕಡೆ ಕುರಿ ಅದಾವೇನು?” ಎಂದಳು.

“ಅದಾವಂತ. ನಾ ನೋಡಲಿಲ್ಲ, ಮಲಗಿದ್ದೆ. ಮಾಸ್ತರ್ರು ನೋಡ್ಯಾರ.”

“ಅಷ್ಟ್ ದೂರ ಹೋಗಿ ಮಲಗಿ ಬಂದಿ,” ಎಂದಳು ಮುದುಕಿ. ಅವಳಿಗೆ ನಿಜಕ್ಕೂ ಬೇಸರವಾಗಿತ್ತು.

ಶ್ರಾವಣದ ಒಂದು ಸಂಜೆ ಮಾಳಿಂಗರಾಯ ಮುದ್ದೇಬಿಹಾಳದ ಕಡೆ ಪೆಂಡಾಲ ಇಳಿಸಿ ಮನೆಗೆ ಬಂದಾಗ, ಕಟ್ಟೆಯ ಮೇಲೆ ತಾಯಿ ಕೂತಿದ್ದಳು, ಎದುರಿನ ಮೆಟ್ಟಿಲ ಮೇಲೆ ಮಾಸ್ತರರು ಕೂತಿದ್ದರು. ಅವನ ಕೈಗವಸು ಅವರ ಚೀಲದಲ್ಲಿ ಉಳಿದಿತ್ತಂತೆ, ಕೊಡಲು ಬಂದವರು. ಇಬ್ಬರ ಕೈಯಲ್ಲೂ ಚಹಾದ ಲೋಟ. ಅವನು ಗಾಡಿ ಆರಿಸಿ ಬೇವಿನ ಗಿಡದ ಕೆಳಗೇ ನಿಂತ. ಅವರು ಅವನ ಕಡೆ ನೋಡಲಿಲ್ಲ.

“ಆ ಕಡೆ ಕುರುಬ್ರು ನಡಕ್ಕ ಹಗ್ಗ ಯಾಕ ಸುತಗೋತಾರ?” ಎಂದು ಸುಂದರವ್ವ ಕೇಳುತ್ತಿದ್ದಳು. “ಅಂಥಾ ಉದ್ದಂದು?”

“ಉಣ್ಣೆ ಹಗ್ಗರಿ. ಸುತ್ತು ಮ್ಯಾಲ ಸುತ್ತು. ಚಳಿಗಿ ನಡ ಗಟ್ಟಿ ಇರ್ತೈತಿ ಅಂತಾರ. ಮತ್ತ ನಡಿಲಾರದ ಮರಿಗೋಳ್ನ ಅಂಗಿಯೊಳಗ ಹಾಕ್ಕೊಂಡ್ರ ಕೆಳಗ ಜಾರಂಗಿಲ್ಲ.”

“ಅಂಗ್ಯಾಗ?” ಎಂದಳು ಮುದುಕಿ. “ನಮ್ಮವ್ರು ಕಂಬಳಿ ಜೋಳಗಿ ಮಾಡ್ತಿದ್ರು. ನಾಯಿ?”

“ದೊಡ್ಡವು. ಕೊಳ್ಳಿಗೆ ಮುಳ್ಳಿನ ಪಟ್ಟಿ. ಚಿರತಿ ಬರ್ತೈತ್ರಿ ಅಲ್ಲಿ.”

“ಇಲ್ಲಿ ತೋಳ,” ಎಂದಳು ಸುಂದರವ್ವ. “ಒಂದು ಅಂಗ್ಯಾಗ ಎಷ್ಟು ಮರಿ ಹಿಡೀತಾವ?”

“ಎರಡು ನೋಡೀನ್ರಿ.”

“ಎರಡಾ?” ಅವಳು ಚಹಾದ ಲೋಟವನ್ನು ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಸೆರಗನ್ನು ಜೋಳಿಗೆಯಂತೆ ಹಿಡಿದು ತೋರಿಸಿದಳು. “ನಮ್ಮ ಯಜಮಾನ್ರು ಮೂರು ತರ್ತಿದ್ರು. ಹೊಳಿ ದಾಟಿ.”